ಬೂಳ್ಯ ತೆಗೆದುಕೊಂಡ ಹತ್ತೊಂಬತ್ತು ಮಂದಿ

ಹೇಲಿನ ವಾಸನೆ ಸೋಪಿಗೆ ಹೋಗುವುದಿಲ್ಲ. ಎರಡು ಸಲ ಮಿಂದೆ. ಪಾತ್ರೆ ತಿಕ್ಕುವ ಪುಡಿ ಹಾಕಿ ಉಜ್ಜಿದೆ. ಮೊಣಕೈ ಸುಲಿಯಿತು, ವಾಸನೆ ಹೋಗಲಿಲ್ಲ. ಆ ಶುಕ್ರವಾರ ಬೆಳಿಗ್ಗೆ ಅದನ್ನು ಹೊತ್ತುಕೊಂಡೇ ಅಲ್ ಹಿಲಾಲ್ ಬಡಾವಣೆಯ ಯಜ್ಞೇಶ್ ಸಾರ್ ಮನೆಗೆ ಹೋದೆ. ಹೋದೆ ಅಂದರೆ, ಕರೆಸಿದರು. ಮಗಳ ಶಾಲೆಯದ್ದೇನೋ ಮರದ ಕೆಲಸ ಉಂಟಂತೆ.

ನಾನು ದುಗ್ಗು. ಶಟರಿಂಗ್ ಕಾರ್ಪೆಂಟರ್. ಕತಾರಿನ ರಾಸ್ ಲಫಾನ್‌ನ ಗ್ಯಾಸ್ ಪ್ಲಾಂಟುಗಳಲ್ಲಿ ಎಂಟು ವರ್ಷ ಕಾಂಕ್ರೀಟಿಗೆ ಹಲಗೆ ಕಟ್ಟಿದವನು. ಅದು ಎರಡು ವಾರದ ಹಿಂದಿನ ತನಕ. ಈಗ ನನಗೆ ಕ್ಯಾಂಪಿನ ಕಕ್ಕಸು ಗುಂಡಿ. ಆರುನೂರು ಗಂಡಸರ ಹೇಲು. ಟ್ಯಾಂಕರಿನ ಪೈಪು ಕಟ್ಟಿಕೊಂಡರೆ ನಾನು ಗುಂಡಿಗೆ ಇಳಿಯಬೇಕು, ಕೈಯಲ್ಲಿ ಬಾಚಬೇಕು. ಮೇಲೆ ಮೇ-ಜೂನಿನ ಬಿಸಿಲು. ಮೊದಲ ದಿನ ವಾಂತಿ ಮಾಡಿದೆ. ಎರಡನೇ ದಿನವೂ ಮಾಡಿದೆ. ಮೂರನೇ ದಿನ ವಾಂತಿ ಬರಲಿಲ್ಲ. ನನಗೆ ನನ್ನ ಮೇಲೆಯೇ ಅಸಹ್ಯವಾದದ್ದು ಆ ದಿನ.

ಯಾಕೆ ಇಳಿಸಿದರು, ಹೇಳುತ್ತೇನೆ.

ಯಜ್ಞೇಶ್ ಸಾರ್ ನಮ್ಮ ಕಂಪೆನಿಯ ಮ್ಯಾನೇಜರ್. ಜನರನ್ನು ತರಿಸುವುದು, ಕಳಿಸುವುದು ಎಲ್ಲ ಅವರ ಕೈಯಲ್ಲಿ. ನಮ್ಮ ಪಾಸ್‌ಪೋರ್ಟುಗಳಿರುವುದೂ ಅವರ ಕಪಾಟಿನಲ್ಲಿ. ಊರಲ್ಲಿ ಅವರದು ಗುತ್ತಿನ ಮನೆ, ಊರಿನ ಯಜಮಾನಿಕೆಯ ಮನೆತನ. ನಾವು ಮನ್ಸರು, ಅವರು ಮುಟ್ಟದ ಜಾತಿ. ಅವರ ಮನೆಯ ಭೂತದ ಕೋಲಕ್ಕೆ ನನ್ನ ಅಪ್ಪ ಡೋಲು ಹೊಡೆದದ್ದು, ಹಟ್ಟಿಯಿಂದಾಚೆ ನಿಂತು. ನಮ್ಮನ್ನು ಕತಾರಿಗೆ ತಂದವರು ಇವರೇ. ಅದನ್ನು ಸಿಕ್ಕಿದಾಗಲೆಲ್ಲ ನೆನಪಿಸುತ್ತಾರೆ. ತಮ್ಮವರ ಹತ್ತಿರ ತುಳು ಮಾತಾಡುತ್ತಾರೆ, ನಮ್ಮ ಹತ್ತಿರ ಕನ್ನಡ. ತುಳು ಮಾತಾಡಿದರೆ ನಾವು ಒಂದೇ ಊರಿನವರಾಗಿಬಿಡುತ್ತೇವಲ್ಲ, ಅದು ಅವರಿಗೆ ಆಗುವುದಿಲ್ಲ.

ಪತ್ತನಾಜೆ ಬಂತೆಂದರೆ ದೈವಗಳ ಕಾರ್ಯಕ್ಕೆ ಆ ವರ್ಷದ ಮುಕ್ತಾಯ. ಅದಕ್ಕೆ ಮೊದಲಿನ ಶುಕ್ರವಾರ ಯಜ್ಞೇಶ್ ಸಾರ್ ತಮ್ಮ ವಿಲ್ಲಾದಲ್ಲಿ ದೈವಕ್ಕೆ ತಂಬಿಲ ಕೊಡುತ್ತಾರೆ. ಪರದೆ ಎಳೆದು, ಬಾಗಿಲು ಹಾಕಿ, ಗಂಟೆಯ ನಾಲಗೆಗೆ ಬಟ್ಟೆ ಸುತ್ತಿ. ಈ ದೇಶದಲ್ಲಿ ಅನುಮತಿಯಿಲ್ಲದೆ ಜನ ಸೇರಿಸಿ ಪೂಜೆ ಮಾಡುವ ಹಾಗಿಲ್ಲ. ಪೊಲೀಸರಿಗೆ ಗೊತ್ತಾದರೆ ಕತೆ ಮುಗಿಯಿತು. ಹಾಲಿನಲ್ಲಿ ಅವರ ಕಡೆಯವರು. ನಾವು ಹತ್ತೊಂಬತ್ತು ಮಂದಿ ಕಾರು ನಿಲ್ಲಿಸುವ ಶೆಡ್ಡಿನಲ್ಲಿ. ತಂಬಿಲ ಮುಗಿದ ಮೇಲೆ ಬೂಳ್ಯ ಕೊಡುತ್ತಾರೆ. ಬೂಳ್ಯ ಅಂದರೆ ದೈವದ ಎದುರು ಹೆಸರು ಕರೆದು ಕೊಡುವ ವೀಳ್ಯದೆಲೆ, ಅಡಿಕೆ. ಅವರಿಗೆ ಕೈಗೆ ಕೊಡುತ್ತಿದ್ದರು. ನಮ್ಮದನ್ನು ಪೇಪರ್ ಪ್ಲೇಟಿನಲ್ಲಿ ಹಾಕಿ ಮೆಟ್ಟಿಲ ಮೇಲೆ ಇಡುತ್ತಿದ್ದರು. ಹೆಸರಿಲ್ಲ. ಬಗ್ಗಿ ಹೆಕ್ಕಿಕೊಳ್ಳಬೇಕು. ಆಮೇಲೆ ಅವರು ಉಂಡ ಎಲೆ ಎತ್ತುವುದು, ಕೋಳಿ ಸಾರಿನ ಹಂಡೆ ತಿಕ್ಕುವುದು, ಹಾಲಿನ ಕಾರ್ಪೆಟ್ಟು ಗುಡಿಸುವುದು ನಾವು. ಗುಡಿಸಲು ಒಳಗೆ ಹೋಗಬಹುದು. ಅದಕ್ಕೆ ಮೈಲಿಗೆ ಇಲ್ಲ. ಥೂ!

ಏಳು ವರ್ಷ ಹೆಕ್ಕಿದೆವು. ಎಂಟನೇ ವರ್ಷ ಅಣ್ಣು ಬೇಡ ಅಂದ. ಅಣ್ಣು ನಮ್ಮ ಫೋರ್‌ಮನ್, ನನ್ನ ಅಕ್ಕನ ಗಂಡ. ಕಡಿಮೆ ಮಾತಿನವನು.

"ವಿಮಾನದಲ್ಲಿ ನಾನು ಅವರ ಪಕ್ಕದಲ್ಲೇ ಕೂತು ಬಂದವ. ಆಗ ಎಂತ ಆಗ್ಲಿಲ್ಲ. ದೈವದ ಎದುರು ಕೂತರೆ ಎಂತ ಆಗ್ತದೆ, ಈ ಸಲ ನೋಡುವಾ," ಅಂದ.

ನೋಡಿದೆವು. ಹತ್ತೊಂಬತ್ತು ಮಂದಿ ಚಪ್ಪಲಿ ಬಿಚ್ಚಿ ಹಾಲಿಗೆ ಹೊಕ್ಕು, ದೈವದ ಮಣೆಯ ಎದುರು ಕಾರ್ಪೆಟ್ಟಿನ ಮೇಲೆ ಕೂತೆವು. ಕೈಗೆ ಕೈ ಹೆಣೆದುಕೊಂಡೆವು. ಅವರ ಕಡೆಯವರು ಬಿಸಿ ಮುಟ್ಟಿದ ಹಾಗೆ ಎದ್ದರು. ಒಬ್ಬ ನನ್ನ ಬೆನ್ನಿಗೆ ಒದ್ದ. ಯಾರೂ ಅಲ್ಲಾಡಲಿಲ್ಲ. ಜೋರಾಗಿ ಬೈಯಲು ಅವರಿಗೆ ಹೆದರಿಕೆ, ಪಕ್ಕದ ವಿಲ್ಲಾಕ್ಕೆ ಕೇಳುತ್ತದೆ. ಹೊಡೆಯಲೂ ಹೆದರಿಕೆ. "ಬೊಬ್ಬೆ ಹಾಕ್ಲಿಕ್ಕೆ ನಮಗೂ ಬರ್ತದೆ," ಅಂತ ಅಣ್ಣು ತಣ್ಣಗೆ ಹೇಳಿದ. ಒಂದು ಗಂಟೆ ಹಾಗೆಯೇ ಕೂತೆವು. ನನ್ನ ಜೀವಮಾನದಲ್ಲಿ ನಾನು ನೆಟ್ಟಗೆ ಕೂತದ್ದು ಆ ಒಂದು ಗಂಟೆ.

ಆಮೇಲೆ ಯಜ್ಞೇಶ್ ಸಾರ್ ಕೈ ಮುಗಿದುಕೊಂಡು ಬಂದರು. ಮುಖದಲ್ಲಿ ನಗು. ಮೊದಲ ಬಾರಿಗೆ ತುಳುವಿನಲ್ಲಿ ಮಾತಾಡಿದರು. ತಪ್ಪಾಯಿತು, ಇನ್ನು ಮುಂದೆ ಎಲ್ಲರೂ ಒಳಗೆ, ಎಲ್ಲರಿಗೂ ಕೈಗೆ ಬೂಳ್ಯ, ಇವತ್ತಿನದ್ದಕ್ಕೆ ಯಾರಿಗೂ ಏನೂ ಮಾಡುವುದಿಲ್ಲ ಅಂದರು. ಮೊದಲ ಬೂಳ್ಯವನ್ನು ಅಣ್ಣುವಿನ ಕೈಗೆ ಇಟ್ಟರು. ಬೆರಳು ತಾಗಿತು. ನಾನು ಕಣ್ಣಾರೆ ಕಂಡೆ. ಮುಂದಿನ ವರ್ಷ ಕರೆಯಲಿಕ್ಕೆ ಎಲ್ಲರ ಹೆಸರು ಬೇಕು ಅಂದರು. ಅಣ್ಣು ಒಂದೊಂದಾಗಿ ಹೇಳಿದ, ಅವರು ಬರೆದುಕೊಂಡರು. ಹತ್ತೊಂಬತ್ತು ಹೆಸರು.

ಬೂಳ್ಯ ಕೈಗೆ ಬಂತೆಂದರೆ ನಮ್ಮಲ್ಲಿ ಮಾತು ಮುಗಿಯಿತು. ತೆಗೆದುಕೊಂಡವನು ಅನುಮಾನ ಪಡುವ ಹಾಗಿಲ್ಲ, ಕೊಟ್ಟವನು ತಪ್ಪುವ ಹಾಗಿಲ್ಲ. ನಾವು ಎದ್ದೆವು. ಎದ್ದು ಏನು ಮಾಡಿದೆವು ಗೊತ್ತೇ? ಹಂಡೆ ತಿಕ್ಕಿದೆವು. ಯಾರೂ ಹೇಳದೆ, ಖುಷಿಯಲ್ಲಿ, ತಮಾಷೆ ಮಾಡಿಕೊಂಡು! ನೆನೆದರೆ ಈಗಲೂ ಮೈ ಹೇಸುತ್ತದೆ.

ಸೋಮವಾರ ನಮ್ಮ ಹತ್ತೊಂಬತ್ತರಲ್ಲಿ ಸೃಜನ್‌ನನ್ನೂ ಇನ್ನಿಬ್ಬರನ್ನೂ ಆಫೀಸಿಗೆ ಕರೆದರು. ಆಫೀಸಿನಿಂದ ಸೀದಾ ಏರ್‌ಪೋರ್ಟ್. ಕೆಲಸದ ಬಟ್ಟೆಯಲ್ಲೇ. ಮರುದಿನ ನಮ್ಮ ರೂಮಿನ ಮೂಲೆಯಲ್ಲಿದ್ದ, ನಮ್ಮವರು ನಂಬುವ ಕೊಡ್ದಬ್ಬು ದೈವದ ಸಣ್ಣ ಮಣೆಯನ್ನು ಕಸದ ಡಬ್ಬಕ್ಕೆ ಎಸೆದರು. ಉಳಿದವರನ್ನು ನೆರಳಿಲ್ಲದ ಕಡೆಗೆ ಹಾಕಿದರು. ನನ್ನನ್ನು ಗುಂಡಿಗೆ ಇಳಿಸಿದರು. ಪಟ್ಟಿ ನೋಡಿಕೊಂಡು, ಒಂದೊಂದೇ ಹೆಸರು.

ಆ ಮೇಲೆ ಬಂದದ್ದು ಈ ಶುಕ್ರವಾರ.

ಅಕ್ಷಯಾ ಮೇಡಂ, ಯಜ್ಞೇಶ್ ಸಾರ್ ಹೆಂಡತಿ, ಬಾಗಿಲ ಹತ್ತಿರ ಪ್ಲಾಸ್ಟಿಕ್ ಶೀಟು ಹಾಸಿದರು. "ಅದರ ಮೇಲೆಯೇ ಕೂತ್ಕೋ ದುಗ್ಗು. ಕಾರ್ಪೆಟ್ ಮುಟ್ಬೇಡ ಆಯ್ತಾ." ಹೇಳಿ, ಮೂಗಿಗೆ ಸೆರಗು ಹಿಡಿದು, ನನ್ನ ತಲೆಯ ಮೇಲಿನಿಂದಲೇ ಘಮಘಮ ಸ್ಪ್ರೇ ಹೊಡೆದರು. ಕಣ್ಣಿಗೆ ಬಿತ್ತು. ಒರೆಸಿಕೊಂಡೆ.

ಮಗಳು ಮೋಕ್ಷಾಗೆ ಹದಿಮೂರು. ಇಂಗ್ಲಿಷ್ ಶಾಲೆ. ಕನ್ನಡ ಮುರುಕು, ಆದರೆ ಒಳ್ಳೆಯ ಹುಡುಗಿ, ನೀರು ಬೇಕಾ ಅಂತ ಕೇಳಿದವಳು ಆ ಮನೆಯಲ್ಲಿ ಅವಳೊಬ್ಬಳೇ. ಒಂದು ಚಿತ್ರ ತೋರಿಸಿದಳು.

"ಅಂಕಲ್, ಇದು ಕ್ಯಾಸಲ್. ಮೇಲೆ ಹ್ಯಾಂಗ್ ಮಾಡೋ ಕಂಬ ಬೇಕು. ಈ ಡಾಲ್‌ನ ಅದಕ್ಕೆ ನೇತು ಹಾಕ್ಬೇಕು. ಹಿಸ್ಟರಿ ಪ್ರಾಜೆಕ್ಟ್."

ಗೊಂಬೆಗೆ ಕೆಂಪು ಸ್ಯಾಟಿನ್ ಅಂಗಿ ತೊಡಿಸಿದ್ದರು, ಮೇಡಂ ರವಿಕೆಯ ತುಂಡಿನದ್ದು. ಯಾರನ್ನು ನೇತು ಹಾಕಿದ್ದು, ಯಾಕೆ ಅಂತ ಕೇಳಿದೆ. ನಾನು ಕಡ್ಡಿ ಕೊಯ್ಯುತ್ತ ಹೋದೆ, ಅವಳು ಪುಸ್ತಕ ನೋಡಿ ನೋಡಿ ಹೇಳುತ್ತ ಹೋದಳು.

ಇಂಗ್ಲೆಂಡಿನಲ್ಲಿ ಎಂಟನೇ ಹೆನ್ರಿ ಅಂತ ಒಬ್ಬ ರಾಜ. ಐನೂರು ವರ್ಷದ ಹತ್ತಿರ ಆಯಿತು. ಅವನು ಮಠಗಳನ್ನೆಲ್ಲ ಮುಚ್ಚಿಸಿದ. ಮಾಡಿನ ಸೀಸ ಕಿತ್ತ, ಗಂಟೆ ಕರಗಿಸಿದ. ಮಠ ಅಂದರೆ ಅಲ್ಲಿನ ಬಡವರಿಗೆ ಅನ್ನ ಸಿಗುತ್ತಿದ್ದ ಜಾಗ. ಉತ್ತರದ ಕಡೆಯ ಜನ ಎದ್ದರು. ಒಬ್ಬ ವಕೀಲ ಮುಂದೆ ನಿಂತ. ಮೂವತ್ತು ಸಾವಿರ ಮಂದಿ, ಎದೆಯ ಮೇಲೆ ಏಸುವಿನ ಐದು ಗಾಯದ ಗುರುತು. ರಾಜನ ಕಡೆ ಅಷ್ಟು ಜನವೇ ಇರಲಿಲ್ಲ. ಅವನು ಹೊಡೆಯಲಿಲ್ಲ. ಮಾತು ಕೊಟ್ಟ. ಎಲ್ಲರಿಗೂ ಕ್ಷಮೆ ಉಂಟು, ನೀವು ಹೇಳಿದ್ದನ್ನೆಲ್ಲ ಕೇಳುತ್ತೇನೆ, ಈಗ ಮನೆಗೆ ಹೋಗಿ. ವಕೀಲ ಅಲ್ಲೇ ಎದೆಯ ಗುರುತನ್ನು ಕಿತ್ತುಹಾಕಿ, ಇನ್ನು ರಾಜನ ಗುರುತು ಬಿಟ್ಟರೆ ನಮಗೆ ಬೇರೆ ಗುರುತಿಲ್ಲ ಅಂದನಂತೆ. ಜನ ಮನೆಗೆ ಹೋದರು. ಕ್ರಿಸ್‌ಮಸ್ಸಿಗೆ ರಾಜ ವಕೀಲನನ್ನು ಅರಮನೆಗೆ ಕರೆದ. ಉಪಚಾರ ಮಾಡಿ ಕೆಂಪು ಸ್ಯಾಟಿನ್ ಅಂಗಿ ಕೊಟ್ಟ.

ನನ್ನ ಕೈಯ ಗರಗಸ ನಿಂತಿತು. "ಆಮೇಲೆ?"

"ಆಮೇಲೆ ಸ್ವಲ್ಪ ತಿಂಗಳಲ್ಲಿ ಹ್ಯಾಂಗ್ ಮಾಡಿದ್ರು. ಯಾರ್ಕ್‌ನಲ್ಲಿ. ಚೈನ್ ಕಟ್ಟಿ. ಹಾಗೇ ಬಿಟ್ರು, ಎಲ್ಲರೂ ನೋಡ್ಲಿ ಅಂತ. ಇನ್ನೂ ತುಂಬಾ ಜನ ಅಂಕಲ್. ಅವರವರ ವಿಲೇಜ್‌ನಲ್ಲೇ, ಅವರ ಗಾರ್ಡನ್‌ನಲ್ಲೇ. ಹೆಂಡತಿಯರು ಕದ್ದು ಬಾಡಿ ಇಳಿಸಿ ಮಣ್ಣಲ್ಲಿ ಬರಿ ಮಾಡಿದ್ರಂತೆ. ಕಿಂಗಿಗೆ ಅದಕ್ಕೂ ಆಂಗ್ರಿ. ಯಾರು ಇಳಿಸಿದ್ದು ಅಂತ ಎನ್ಕ್ವಯರಿ." ಪುಟ ತಿರುವಿದಳು. "ಅಂಕಲ್, ಮೂವತ್ತು ಸಾವಿರ ಜನ ಇದ್ರಲ್ಲ, ಯಾಕೆ ಮನೆಗೆ ಹೋದ್ರು? ಫೂಲ್ಸ್ ಅಲ್ವಾ?"

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಹುಡುಗಿಯ ಮೇಲೆ ಸಿಟ್ಟಲ್ಲ. ಆ ಮೂವತ್ತು ಸಾವಿರ ಬಿಳಿಯರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಕತ್ತೆಗಳಾ, ಗುರುತು ಯಾಕೆ ಕಿತ್ತಿರಿ? ಅಂಗಿ ಯಾಕೆ ತೊಟ್ಟೆ ಮಾರಾಯ? ಮತ್ತೆ ಹಂಡೆ ನೆನಪಾಯಿತು. ನಾವು ಹತ್ತೊಂಬತ್ತು ಮಂದಿ ಬಗ್ಗಿ ಕೂತು, ನಗಾಡಿಕೊಂಡು, ಅವರ ಎಂಜಲು ತಿಕ್ಕಿದ್ದು. ಗರಗಸ ಮತ್ತೆ ಎತ್ತಿಕೊಂಡೆ.

"ಮಾತು ಕೊಟ್ಟಿದ್ದನಲ್ಲ ಮಗಾ," ಅಂದೆ.

ಆಗ ಯಜ್ಞೇಶ್ ಸಾರ್ ಬಂದರು. ಕೈಯಲ್ಲಿ ಫೈಲು. ಮಗಳನ್ನು ಒಳಗೆ ಕಳಿಸಿದರು. ಸೋಫಾದಲ್ಲಿ ಕೂತು ನನ್ನ ಕೆಲಸ ನೋಡಿದರು.

"ಚಂದ ಆಗಿದೆ. ಹಗ್ಗ ಸ್ವಲ್ಪ ದಪ್ಪ ಆಯ್ತಾ ಅಂತ." ಫೈಲಿನಿಂದ ಒಂದು ಕಾಗದ ತೆಗೆದು ಶೀಟಿನ ಮೇಲೆ ಇಟ್ಟರು, ನನ್ನ ಕೈಗೆ ಕೊಡಲಿಲ್ಲ. ಒಂದು ಕಡೆ ಇಂಗ್ಲಿಷ್, ಒಂದು ಕಡೆ ಅರಬಿ. "ಇಲ್ಲಿ ಒಂದು ಸೈನ್ ಹಾಕು."

"ಎಂತದು ಸಾರ್ ಇದು?"

"ಅಣ್ಣು ಕ್ಯಾಂಪಿನ ರೂಮಿನಲ್ಲಿ ಜನ ಸೇರಿಸಿ ಪೂಜೆ ಮಾಡ್ತಿದ್ದ, ನೀನು ಕಣ್ಣಾರೆ ನೋಡಿದ್ದಿ. ಅಷ್ಟೇ."

"ಇದು ಪೊಲೀಸಿಗೆ ಹೋಗ್ತದಾ?"

"ಅವನು ಎಂಬಸಿಗೆ ಹೋಗ್ತೇನೆ ಅಂತ ಹೇಳ್ಕೊಂಡು ತಿರುಗ್ತಾ ಇದ್ದಾನೆ. ನನ್ನ ಹೆಸರು ಹಾಳು ಮಾಡ್ಲಿಕ್ಕೆ. ಸುಮ್ನೆ ಬಿಡ್ಲಿಕ್ಕೆ ಆಗ್ತದಾ? ನೀನು ಸೈನ್ ಹಾಕು. ನಾಡಿದ್ದಿನಿಂದ ನೀನು ಪುನಃ ಕಾರ್ಪೆಂಟರ್. ಗುಂಡಿ ಖಲಾಸ್."

ನಾನು ಪೆನ್ನು ಮುಟ್ಟಲಿಲ್ಲ. ಅಕ್ಕನ ಗಂಡ ಸಾರ್, ಆಗುವುದಿಲ್ಲ ಅಂದೆ. ಅವರಿಗೆ ಸಿಟ್ಟು ಬರಲಿಲ್ಲ. ನಕ್ಕರು. ಫೈಲಿನಿಂದ ಇನ್ನೊಂದು ಕಾಗದ ತೆಗೆದು ಮೊದಲಿನದರ ಪಕ್ಕ ಇಟ್ಟರು. ಅದೇ ಇಂಗ್ಲಿಷ್, ಅದೇ ಅರಬಿ. ಕೆಳಗೆ ಕನ್ನಡದಲ್ಲಿ ಸೈನು. ಅಣ್ಣು.

"ಇದರಲ್ಲಿ ಪೂಜೆ ಮಾಡಿದವ ನೀನು. ನೋಡಿದವ ಅವನು. ನಿನ್ನೆಯೇ ಹಾಕಿ ಕೊಟ್ಟ ನಿನ್ನ ಭಾವ. ಈಗ ನನ್ನ ಹತ್ತಿರ ಒಂದು ಪೇಪರ್ ಉಂಟು, ನೀನು ಹಾಕಿದ್ರೆ ಎರಡಾಗ್ತದೆ. ಪೊಲೀಸಿಗೆ ಹೋಗುದು ಒಂದೇ. ಯಾವುದು ಅಂತ ನೀನೇ ಹೇಳು."

ನಾನು ಆ ಸೈನನ್ನು ನೋಡಿದೆ. ಹಲಗೆಗಳ ಮೇಲೆ ಸೀಸದಕಡ್ಡಿಯಲ್ಲಿ ಅವನು ಬರೆಯುವುದನ್ನು ಎಂಟು ವರ್ಷ ಕಂಡಿದ್ದೇನೆ. ಣಕ್ಕೆ ಒತ್ತು ಕೊಡುವಾಗ ಅವನ ಕೈ ಯಾವಾಗಲೂ ಜಾರುತ್ತದೆ. ಜಾರಿತ್ತು. ಸುಳ್ಳಲ್ಲ, ಅವನದೇ. ಹಾಕಿಬಿಡಲೇ ಅಂತ ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ? ಪೆನ್ನು ಎತ್ತಿದೆ ಸಹ. ಎತ್ತಿ, ತಲೆ ಮೇಲೆ ಮಾಡಿ ಅವರ ಮುಖ ನೋಡಿದೆ. ಯಜ್ಞೇಶ್ ಸಾರ್ ಬಾಯಿ ಸ್ವಲ್ಪ ತೆರೆದಿತ್ತು. ಕೋಳಿ ಅಂಕ ನೋಡುವವರ ಹಾಗೆ ಕಾಯುತ್ತಿದ್ದರು. ಎರಡು ಕೋಳಿಗಳ ಕಾಲಿಗೂ ಬಾಳುಕತ್ತಿ ಕಟ್ಟಿದವರು ಅವರೇ. ನನಗೆ ಅಷ್ಟು ಹೇಸಿಗೆ ಗುಂಡಿಯಲ್ಲೂ ಆಗಿರಲಿಲ್ಲ.

ಪೆನ್ನು ಕೆಳಗಿಟ್ಟೆ.

"ಪೂಜೆ ಆದದ್ದು ಎಲ್ಲಿ ಸಾರ್? ಈ ಹಾಲಿನಲ್ಲಿ. ಜನ ಸೇರಿಸಿದ್ದು ಯಾರು? ನೀವು. ಅದನ್ನು ಬರೀರಿ. ಈಗಲೇ ಹಾಕ್ತೇನೆ ಸೈನು, ಎರಡು ಕೈಯಲ್ಲಿ ಹಾಕ್ತೇನೆ."

ಅವರ ಮುಖದ ಬಣ್ಣ ಹೋಯಿತು. ಎದ್ದು ಬಾಗಿಲು ಹಾಕಿ ಬಂದರು. ಆಗ ಬಂತು ನೋಡಿ ತುಳು. ದುಗ್ಗಣ್ಣಾ ಅಂದರು, ಹುಟ್ಟಿ ನಲವತ್ತು ವರ್ಷದಲ್ಲಿ ಮೊದಲ ಸಲ ಅಣ್ಣ. ದೈವದ ಕಪಾಟು ತೆರೆದು, ಒಂದು ಎಲೆ, ಒಂದು ಅಡಿಕೆ ಹೋಳು ತಂದು, ಬಗ್ಗಿ, ನನ್ನ ಅಂಗೈಯಲ್ಲಿಟ್ಟರು. ಹೇಲು ಬಾಚಿದ ಕೈ. ಮುಟ್ಟಿದರು. ನಿನಗೆ ಏನೂ ಆಗಲು ಬಿಡುವುದಿಲ್ಲ, ಇದು ಮಾತು ಅಂದರು.

ನಾನು ಅದನ್ನು ಬಾಯಿಗೆ ಹಾಕಿಕೊಂಡೆ. ಅವರ ಎದುರಿಗೇ ಜಗಿದೆ. ಹಸಿ ಎಲೆ, ಸುಣ್ಣವಿಲ್ಲ, ಕಹಿ. ಚೆನ್ನಾಗಿ ಜಗಿದು ಆ ಎರಡೂ ಕಾಗದಗಳ ಮೇಲೆ ಉಗಿದೆ. ಇಂಗ್ಲಿಷಿನ ಮೇಲೆ, ಅರಬಿಯ ಮೇಲೆ, ಅಣ್ಣುವಿನ ಸೈನಿನ ಮೇಲೆ. ಉಳಿದದ್ದು ಬಾಯಿಯಲ್ಲಿತ್ತು. ಅದನ್ನು ಕಾರ್ಪೆಟ್ಟಿಗೆ ಉಗಿದೆ.

"ಬೂಳ್ಯ ಅಲ್ಲ ಸಾರ್ ಇದು. ಬರೇ ಎಲೆ."

ಹೊಡೆದರು. ಕಿವಿ ಗುಂಯ್ ಅಂತು. ಸದ್ದಿಗೆ ಅಕ್ಷಯಾ ಮೇಡಂ ಬಾಗಿಲು ದೂಡಿ ಬಂದು, "ಅಯ್ಯಯ್ಯೋ, ಕಾರ್ಪೆಟ್!" ಅಂದರು. ನನ್ನ ತುಟಿಯ ರಕ್ತ ಅವರಿಗೆ ಕಾಣಲಿಲ್ಲ. "ಅದರ ಕಾಪಿ ಆಫೀಸಿನಲ್ಲಿ ಉಂಟು. ನಾಳೆ ಬೆಳಿಗ್ಗೆ ನಿನ್ನನ್ನು ಪೊಲೀಸಿಗೆ ಕೊಡ್ತೇನೆ, ನಾಯಿ," ಅಂದರು ಯಜ್ಞೇಶ್ ಸಾರ್, ಮತ್ತೆ ಕನ್ನಡದಲ್ಲಿ. ಉಸಿರು ಹಿಡಿದು, "ಮಗುವಿನ ಕೆಲಸ ಮುಗಿಸಿ ಹೋಗು," ಅಂದರು. ಹೌದು, ಹಾಗೆಯೇ ಅಂದರು. ಬಾಗಿಲ ಸಂದಿಯಲ್ಲಿ ಮೋಕ್ಷಾ ನಿಂತಿದ್ದಳು. ಅವಳ ಮುಖ ನೋಡಲು ನನಗಾಗಲಿಲ್ಲ. ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.

ಕ್ಯಾಂಪಿಗೆ ಬರುವಾಗ ಸಂಜೆ. ಅಣ್ಣು ಕೆಳಗಿನ ಮಂಚದಲ್ಲಿ ಕೂತಿದ್ದ. ನನ್ನ ಮುಖ ನೋಡಿದವನಿಗೆ ಗೊತ್ತಾಯಿತು. ನನ್ನ ಬಾಯಲ್ಲಿ ಬಂದದ್ದನ್ನೆಲ್ಲ ಬೈದೆ. ಅವನ ಅಪ್ಪನನ್ನು ಬೈದೆ, ಹುಟ್ಟಿದ ಗಳಿಗೆಯನ್ನು ಬೈದೆ. ಅವನು ಕೇಳಿಸಿಕೊಂಡ.

"ಮೂರು ಹೆಣ್ಣು ಮಕ್ಕಳು ದುಗ್ಗು," ಅಂದ ಕೊನೆಗೆ.

"ಅವಕ್ಕೆ ನಾನು ಮಾವ ಅಲ್ವನಾ? ಅವರನ್ನು ಎತ್ತಿ ಆಡಿಸಿದವ ಅಲ್ವನಾ ನಾನು?"

ಮೇಲಿನ ಮಂಚದವರು ಗೋಡೆ ಕಡೆ ತಿರುಗಿ ಮಲಗಿದ್ದರು, ನಿದ್ದೆ ಬಂದವರ ಹಾಗೆ.

"ನನ್ನ ಮೇಲೆ ಹಾಕ್ಲಿಕ್ಕೆ ನಿನಗೂ ಹೇಳಿದ್ನಾ?" ಅಂತ ಅಣ್ಣು ಕೇಳಿದ.

"ಹೇಳಿದ."

"ಹಾಕಿದೆಯಾ?"

"ಇಲ್ಲ."

ಅವನು ಮಂಚದ ಕಬ್ಬಿಣಕ್ಕೆ ಹಣೆ ಚಚ್ಚಿಕೊಂಡ. ಒಂದು ಸಲ, ಎರಡು ಸಲ. ನಾನು ತಡೆಯಲಿಲ್ಲ. ತಡೆಯಬೇಕು ಅಂತ ಅನ್ನಿಸಲೂ ಇಲ್ಲ.

ಬೆಳಿಗ್ಗೆ ಐದೂವರೆಗೆ ಪಿಕಪ್ ಬಂತು. ಕ್ಯಾಂಪ್ ಸೂಪರ್‌ವೈಸರ್ ಲೆಸ್ಲಿ ಇಳಿದ. ಮಂಗಳೂರಿನವನು, ಕೆಟ್ಟವನಲ್ಲ, ಆದರೆ ಹೇಳಿದ್ದನ್ನು ಮಾಡುವವನು. "ಬಾ ದುಗ್ಗು. ನಂಗೆ ಆರ್ಡರ್ ಉಂಟು, ನಾನೆಂತ ಮಾಡ್ಲಿ?" ಅಂದ. ಬ್ಯಾಗು ಬೇಡವಾ ಅಂತ ಕೇಳಿದೆ. ಬೇಡ ಅಂದ. ಸೀದಾ ಠಾಣೆಗೆ ಅಂದ. ನಾನು ಹಿಂದೆ ಹತ್ತಿ ಕೂತೆ. ನಮ್ಮ ಪಟ್ಟಿಯಲ್ಲಿ ಉಳಿದವರೆಲ್ಲ ಬಾಗಿಲಲ್ಲಿ, ನಲ್ಲಿಯ ಹತ್ತಿರ, ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ನಿಂತಿದ್ದರು. ಒಬ್ಬನೂ ಮಿಸುಕಲಿಲ್ಲ. ನಾನು ಯಾರಿಗೂ ಕೈ ಬೀಸಲಿಲ್ಲ.

ಅಣ್ಣು ಡ್ಯೂಟಿ ಬಟ್ಟೆಯಲ್ಲಿ ಬಂದ. ಹಣೆ ಊದಿ ನೀಲಿಯಾಗಿತ್ತು. ಹೆಲ್ಮೆಟ್ಟು ಕೆಳಗಿಟ್ಟು, ಟಯರಿನ ಮೇಲೆ ಕಾಲು ಕೊಟ್ಟು, ಪಿಕಪ್ ಹತ್ತಿದ.

"ಏಯ್, ನಿನ್ನ ಹೆಸರಿಲ್ಲ ಮಾರಾಯ," ಅಂದ ಲೆಸ್ಲಿ.

"ನಾನು ಸುಳ್ಳು ಸೈನ್ ಹಾಕಿದವ. ಅದನ್ನು ಅಲ್ಲಿಗೇ ಬಂದು ಹೇಳ್ತೇನೆ. ತಂಬಿಲ ಯಾರ ಮನೆಯಲ್ಲಿ ಆದದ್ದು ಅಂತ ಸಹ ಹೇಳ್ತೇನೆ."

"ನಿನ್ನನ್ನೂ ಒಳಗೆ ಹಾಕ್ತಾರೆ."

"ಹಾಕ್ಲಿ."

ಲೆಸ್ಲಿ ದೂರ ಹೋಗಿ ಫೋನು ಮಾಡಿದ. ಫೋನಿನೊಳಗೆ ಯಜ್ಞೇಶ್ ಸಾರ್ ಕಿರುಚುವುದು ನಮಗೂ ಕೇಳಿತು. ಲೆಸ್ಲಿ ವಾಪಸು ಬಂದು, ಇಳಿ ಅಂದ. ಅಂಗಿ ಹಿಡಿದು ಎಳೆದ. ಅಣ್ಣು ಕಂಬಿ ಹಿಡಿದುಕೊಂಡು ನಿಂತ. ಇಳಿಯಲಿಲ್ಲ.

ಆ ಪಿಕಪ್ಪಿನಲ್ಲಿ ಕೂರುವ ಹಲಗೆ ಒಂದೇ. ನಾನು ಸರಿದು ಜಾಗ ಮಾಡಿದೆ.